ಪ್ಯಾಕೆಟ್ ಮೇಲಿನ ಅಜ್ಜಿ (ಕಂತು ಏಳು: ಎರಡು ತೂತಿನ ಟೋಕನ್)

"ಬೀಗದ ಕೈ ಅಲ್ಲ ಕಣಮ್ಮ ಅದು. ಬೀಗ ಆಕಾಕೆ ಈ ಮನೇಲಿ ಏನೈತೆ?"

ಪೆದ್ದಮ್ಮ ಹಾಗೆಂದು ನಕ್ಕಳು. ನಗುವಾಗ ಅವಳ ಮುಖದ ಗೆರೆಗಳೆಲ್ಲ ಒಂದು ಸಲ ಕಣ್ಣಿನ ಕಡೆಗೆ ಓಡಿ, ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಅವಳ ತೊಡೆಯ ಮೇಲೆ ಹುರಿಹಿಟ್ಟಿನ ಖಾಲಿ ಪ್ಯಾಕೆಟ್ಟು. ಅದರ ಮೇಲೆ, ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತ ಅಜ್ಜಿಯ ಚಿತ್ರ. ಆ ಅಜ್ಜಿಯ ಮುಖದಲ್ಲೂ ಅವೇ ಗೆರೆಗಳು, ಅದೇ ಓಟ.

ಚಿತ್ರದ ಅಜ್ಜಿಯ ಸೊಂಟದಲ್ಲಿ ಕಾಸಿನಗಲದ, ದುಂಡನೆಯದೇನೋ ಇತ್ತು. ಹುರಿಹಿಟ್ಟಿನ ಸಂಘದ ಹೆಂಗಸರ ಪರವಾಗಿ ತನಿಖೆ ಕೈಗೆತ್ತಿಕೊಂಡ ದಿನದಿಂದ ಶ್ಯಾಮಲಾ ಅದನ್ನು ಬೀಗದ ಕೈಗೊಂಚಲು ಎಂದೇ ತಿಳಿದಿದ್ದಳು.

ಪೆದ್ದಮ್ಮ ಸೆರಗು ಸರಿಸಿ ತೋರಿಸಿದಳು. ಸೀರೆಯ ಮೇಲೆ ಸೊಂಟಕ್ಕೆ ಸುತ್ತಿದ ಕರಿ ದಾರ. ಆ ದಾರಕ್ಕೆ ಅಂಗಿಯ ಗುಂಡಿಯ ಹಾಗೆ ಬಿಗಿದ ಹಿತ್ತಾಳೆಯ ಬಿಲ್ಲೆ. ಬಿಲ್ಲೆಗೆ ಎರಡು ತೂತು.

ಶ್ಯಾಮಲಾ ಪ್ಯಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿತ್ರದ ದುಂಡಿನಲ್ಲೂ ಎರಡು ಚುಕ್ಕೆ. ಅಚ್ಚಿನ ಕಲೆ ಎಂದು ಇಷ್ಟು ದಿನ ಕಣ್ಣು ಜಾರಿಸಿದ ಚುಕ್ಕೆಗಳು.

ಚಿನ್ನದ ಗಣಿಯವರು ಕೂಲಿಗಳಿಗೆಂದು ಸಾಲಾಗಿ ಕಟ್ಟಿಸಿದ ಮಾರಿಕುಪ್ಪಂನ ಈ ಲೈನ್ ಮನೆಗೆ ಅವಳು ಬಂದದ್ದು ಒಂದೇ ಕಾರಣಕ್ಕೆ. ಬಂಗಾರಪೇಟೆಯ ದೊಡ್ಡ ಹಿಟ್ಟಿನ ವ್ಯಾಪಾರಿ ಕಾಂತರಾಜ್, ಈ ಚಿತ್ರ ತನ್ನ ಕಂಪನಿಯ ಗುರುತು ಎಂದು ಕಾಮಸಮುದ್ರದ ಹೆಂಗಸರ ಮೇಲೆ ಕೇಸು ಹಾಕಿದ್ದ. ಸೋಮವಾರ ಕೋಲಾರದ ಕೋರ್ಟಿನಲ್ಲಿ ಆ ಮಾತನ್ನು ಸುಳ್ಳೆಂದು ತೋರಿಸದಿದ್ದರೆ ಅವರ ಹುರಿಹಿಟ್ಟಿನ ಸಂಘಕ್ಕೆ ಬಾಗಿಲು ಬೀಳುತ್ತದೆ. ಸಂಘದ ಹಿರಿಯಳು ಮುನಿಶಾಮಮ್ಮ ಕೂಲಿ ಬಿಟ್ಟು ಕಟ್ಟಿಕೊಂಡ ಬದುಕು ಅದು. ಮತ್ತೆ ಕಂಡವರ ತೋಟದಲ್ಲಿ ಕಳೆ ಕೀಳುವುದಕ್ಕೆ ಅವಳ ಮಂಡಿಯಲ್ಲಿ ಬಲ ಉಳಿದಿರಲಿಲ್ಲ.

ಪೆದ್ದಮ್ಮನಿಗೆ ಇದೆಲ್ಲ ಅರ್ಧ ಗೊತ್ತಿತ್ತು, ಅರ್ಧ ಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ ಮಾತು. ತನ್ನ ಮುಖವನ್ನು ತಾನು ಹೊತ್ತುಕೊಂಡು ತಿರುಗುವುದಕ್ಕೂ ಇನ್ನು ಮೇಲೆ ಆ ಕಾಂತರಾಜಪ್ಪನ ಅಪ್ಪಣೆ ಬೇಕೋ?

ಶ್ಯಾಮಲಾಗೆ ನಗು ಬರಲಿಲ್ಲ. ಕೋರ್ಟಿನ ಕಾಗದ ಸುತ್ತಿ ಬಳಸಿ ಹೇಳಿದ್ದೂ ಅದನ್ನೇ.

ಬಿಲ್ಲೆಯ ಕತೆಯನ್ನು ಪೆದ್ದಮ್ಮ ಆತುರವಿಲ್ಲದೆ ಹೇಳಿದಳು, ಮಕ್ಕಳನ್ನು ಮಲಗಿಸುವಾಗ ಹೇಳುವ ಹಾಗೆ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಟೋಕನ್ನು, ಅದರ ಮೇಲೆ ಅವನ ನಂಬರು. ಇಳಿಯುವಾಗ ಹಲಗೆಯ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಮತ್ತೆ ಅದೇ ಮೊಳೆಗೆ ಹಾಕಬೇಕು. ಪಾಳಿ ಮುಗಿದ ಮೇಲೂ ಯಾವ ಮೊಳೆ ಬೋಳಾಗಿದೆಯೋ ಆ ಮೊಳೆಯವನು ಇನ್ನೂ ಕೆಳಗಿದ್ದಾನೆ. ಅವಳ ಗಂಡ ವೆಂಕಟೇಶಪ್ಪನ ಮೊಳೆ ಒಂದು ದಿನ ಹಾಗೆ ಬೋಳಾಯಿತು. ಟೋಕನ್ನನ್ನು ಅವನ ಜೇಬಿನಿಂದ ತೆಗೆದು, ತೊಳೆದು, ಅವಳ ಕೈಗೆ ಕೊಟ್ಟರು.

"ಮೇಲಕ್ಕೆ ಬಂದೋನು ನಂಬರ್ ತೋರಿಸ್ತಾನೆ. ಬರ್ದೆ ಕೆಳಗೇ ಉಳ್ದೋನ್ದು ನಾವು ತೋರಿಸಾಕಿಲ್ಲ," ಎಂದಳು ಪೆದ್ದಮ್ಮ.

ಈ ಲೈನಿನ ಹೆಂಗಸರ ನಡಾವಳಿ ಅದು. ನಂಬರಿನ ಮುಖ ಮೈಗೆ, ಬೋಳು ಮುಖ ಲೋಕಕ್ಕೆ. ಟೋಕನ್ನಿಗೆ ಮೊದಲು ಒಂದೇ ತೂತಿತ್ತು. ನೀರಿಗೆ ಬಗ್ಗಿದಾಗ, ಗಾಳಿಗೆ ನಿಂತಾಗ ಅದು ಮಗುಚಿ ನಂಬರು ಹೊರಗೆ ಬೀಳುತ್ತಿತ್ತು. ಅದನ್ನು ತಾಳಲಾರದೆ ಪೆದ್ದಮ್ಮ ಒಂದು ದಿನ ಮೊಳೆ ತಂದು, ಬೀಸುಕಲ್ಲಿನ ಮೇಲಿಟ್ಟು, ತಾನೇ ಇನ್ನೊಂದು ತೂತು ಹೊಡೆದಳು. ಆಮೇಲೆ ಅದು ಮಗುಚಲಿಲ್ಲ. ಇಡೀ ಲೈನಿನಲ್ಲಿ ಎರಡು ತೂತಿನ ಟೋಕನ್ನು ಅವಳದೊಂದೇ.

ಹಾಗಾದರೆ ಈ ಚಿತ್ರ ಬಿಡಿಸಿದವನು ಅಂದಾಜಿನಿಂದ ಬಿಡಿಸಿಲ್ಲ. ಈ ಮನೆಯ ಹೊಸ್ತಿಲು ದಾಟಿ ಬಂದು, ಈ ನೆಲದ ಮೇಲೆ ಕೂತು, ಈ ಸೊಂಟವನ್ನು ನೋಡಿ ಬಿಡಿಸಿದ್ದಾನೆ.

"ಯಾರು ಬಿಡಿಸಿದ್ದು ಪೆದ್ದಮ್ಮ?"

"ನಮ್ ರಾಜು. ಇನ್ಯಾರು?"

ಒಳಗಿನಿಂದ ಕಾಫಿ ಹಿಡಿದು ಬಂದ ಮೊಮ್ಮಗಳು ಸಹನ, ಲೋಟವನ್ನು ಸ್ವಲ್ಪ ಜೋರಾಗಿಯೇ ನೆಲಕ್ಕಿಟ್ಟಳು. ಬಂಗಾರಪೇಟೆಯಲ್ಲಿ ಪುಟ್ಟದೊಂದು ಡಿಟಿಪಿ ಅಂಗಡಿ ಅವಳದು. ಕಾಮಸಮುದ್ರದ ಹೆಂಗಸರಿಗೆ ಲೇಬಲ್ಲು ಮಾಡಿಕೊಟ್ಟವಳು ಅವಳೇ, ಕಾಂತರಾಜನ ಕೇಸಿನಲ್ಲಿ ಎರಡನೆಯ ಪ್ರತಿವಾದಿಯೂ ಅವಳೇ.

"ಅಜ್ಜಿಗೆ ಗೋಡೆ ಮೇಲಿನ ಕಲೇಲೂ ಅಣ್ಣನೇ ಕಾಣೋದು, ಅಕ್ಕ," ಎಂದಳು.

ಅಣ್ಣ ರಾಜ್‌ಕುಮಾರ್ ಗೋಡೆಯ ಮೇಲೆಯೇ ಇದ್ದ, ಕಟ್ಟು ಹಾಕಿದ ಫೋಟೋದಲ್ಲಿ, ಪ್ಲಾಸ್ಟಿಕ್ ಮಲ್ಲಿಗೆಯ ಹಾರದ ನಡುವೆ. ಎರಡು ವರ್ಷದ ಹಿಂದೆ ಮೈಸೂರು ಮೈನ್ಸ್ ಕಡೆ, ಹಿಂದೆ ಗಣಿಗೆ ಇಳಿಯುತ್ತಿದ್ದ ಪಾಳು ಷಾಫ್ಟಿನ ಬೇಲಿಯ ಹತ್ತಿರ ಅವನ ಚಪ್ಪಲಿ ಸಿಕ್ಕಿತ್ತು, ಮೊಬೈಲು ಸಿಕ್ಕಿತ್ತು. ಷಾಫ್ಟಿನ ತುಂಬ ನೀರು. ಅವನು ಸಿಗಲಿಲ್ಲ.

ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ಗಾಜಿನ ಮೇಲೆ ಮಾತ್ರ ಕುಂಕುಮದ ಬೊಟ್ಟಿರಲಿಲ್ಲ. ಶ್ಯಾಮಲಾಳ ನೋಟ ಹೋದಲ್ಲಿಗೆ ಪೆದ್ದಮ್ಮನ ನೋಟವೂ ಹೋಯಿತು. ಈ ಹುಡುಗಿಗೆ ಬೊಟ್ಟು ಇಡೇ ಎಂದು ಹೇಳಿ ಹೇಳಿ ಬಾಯಿ ಒಣಗಿತು, ಇಡುವುದಿಲ್ಲ ಎಂದು ದೂರಿದಳು. ಗಾಜು ಕಲೆಯಾಗುತ್ತದೆ ಎಂದು ಸಹನ ತಲೆ ತಗ್ಗಿಸಿಯೇ ಹೇಳಿದಳು.

ಶ್ಯಾಮಲಾ ಕಾಫಿ ಕುಡಿದಳು. ಬೆಲ್ಲದ ಕಾಫಿ. ಗಂಟಲಿಗೆ ಸಿಹಿ ಇಳಿಯಿತು, ಮನಸ್ಸಿಗೆ ಇಳಿಯಲಿಲ್ಲ.

ಚಿತ್ರವನ್ನು ಎಲ್ಲಿಂದ ತೆಗೆದೆ ಎಂದು ಮತ್ತೆ ಕೇಳಿದಾಗ ಸಹನ ಹಳೆಯ ಉತ್ತರವನ್ನೇ ಕೊಟ್ಟಳು. ತನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ, ಅದಕ್ಕೇ ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಚಿತ್ರ, ಕ್ಲಿಪ್ ಆರ್ಟ್ ನಂಬಿ ಬದುಕುವವಳು. ಒಂದು ಸೈಟಿನಲ್ಲಿ ಸಿಕ್ಕಿತು, ಇಳಿಸಿಕೊಂಡೆ. ಈಗ ಆ ಸೈಟಿನಲ್ಲಿ ಆ ಚಿತ್ರ ಇಲ್ಲ. ಯಾರೋ ತೆಗೆದುಹಾಕಿದ್ದಾರೆ.

ಶ್ಯಾಮಲಾ ಹತ್ತು ವರ್ಷ ಬೆಂಗಳೂರಿನಲ್ಲಿ ಇಂಥದೇ ಕೆಲಸ ಮಾಡಿದವಳು. ಯಾರ ಚಿತ್ರವನ್ನು ಯಾರು ಎಲ್ಲಿ ಕದ್ದರು ಎಂದು ಹುಡುಕಿಕೊಡುವ ಕಚೇರಿ ಅದು. ಅಲ್ಲಿ ಕಲಿತ ನಿಯಮಗಳು ಅವಳಿಗೆ ಮಗ್ಗಿಯಷ್ಟು ಬಾಯಿಪಾಠ. ಬಿಟ್ಟಿ ಎಂದು ಬರೆದ ಕೂಡಲೇ ಬಿಟ್ಟಿಯಲ್ಲ. ಕೆಲವು ಚಿತ್ರ ಮನೆಯ ಹುಟ್ಟುಹಬ್ಬದ ಕಾರ್ಡಿಗೆ ಮಾತ್ರ. ಕೆಲವನ್ನು ವ್ಯಾಪಾರಕ್ಕೂ ಬಳಸಬಹುದು, ಆದರೆ ಬಿಡಿಸಿದವನ ಹೆಸರನ್ನು ಮೂಲೆಯಲ್ಲಾದರೂ ಹಾಕಬೇಕು. ಹೀಗೆ ಇಳಿಸಿಕೊಂಡ ಯಾವ ಚಿತ್ರವನ್ನೇ ಆಗಲಿ, ಇದು ನನ್ನೊಬ್ಬನ ಗುರುತು ಎಂದು ಸರ್ಕಾರದಲ್ಲಿ ಬರೆಸಿಕೊಳ್ಳುವ ಹಾಗಿಲ್ಲ. ಲೈನಿನ ಕೊನೆಯ ನಲ್ಲಿ ಇದ್ದ ಹಾಗೆ ಅದು. ಯಾರ ಕೊಡವಾದರೂ ತುಂಬಲಿ, ನಲ್ಲಿಯನ್ನೇ ಕಿತ್ತುಕೊಂಡು ಮನೆಗೆ ಒಯ್ಯುವಂತಿಲ್ಲ.

ಕಾಂತರಾಜ್ ನಲ್ಲಿಯನ್ನೇ ಕಿತ್ತಿದ್ದ. ಅದು ನಲ್ಲಿಯೇ ಅಲ್ಲ, ನನ್ನ ಮನೆಯ ಬಾವಿ ಎನ್ನುತ್ತಿದ್ದ. ತನ್ನ ಡಿಸೈನರ್ ನಾಗೇಶ್ ಕೈಯಾರೆ ಬಿಡಿಸಿದ ಚಿತ್ರ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದ.

"ನೀನಿಳಿಸಿದ ಚಿತ್ರಕ್ಕೆ ಹೆಸರು ಹಾಕಬೇಕಿತ್ತಾ ಸಹನಾ?"

"ಹಾಕ್ಬೇಕಿತ್ತು."

"ಹಾಕಿಲ್ಲ."

"ಜಾಗ ಇರಲಿಲ್ಲ ಅಕ್ಕ."

ಶ್ಯಾಮಲಾ ಪ್ಯಾಕೆಟ್ಟಿನ ಬೆನ್ನು ತಿರುಗಿಸಿದಳು. ಕೆಳಗೆ, ಬೆರಳಗಲದ ಬಿಳಿ ಜಾಗ ಖಾಲಿ ಬಿದ್ದಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. ಬಿಡಿಸಿದವನ ಹೆಸರೇನು ಎಂದು ಕೇಳಿದಳು. ಸಹನ ನೆನಪಿಲ್ಲ ಎಂದಳು.

ತನ್ನ ಅಜ್ಜಿಯ ಸೊಂಟದ ಟೋಕನ್ನು, ಅದರ ಎರಡು ತೂತು ಸಮೇತ ಯಾರದೋ ಚಿತ್ರದಲ್ಲಿ ಬಂದು ಕೂತಿದೆ. ಅದನ್ನು ಕಂಡು ಬೆರಗಾಗದ ಮೊಮ್ಮಗಳು, ಬಿಡಿಸಿದವನ ಹೆಸರನ್ನೂ ಮರೆತಿದ್ದಾಳೆ.

*

ಬಂಗಾರಪೇಟೆಗೆ ಹೋಗುವ ರೈಲಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಯನೈಡ್ ದಿಬ್ಬಗಳು ಮೆಲ್ಲಗೆ ಹಿಂದೆ ಸರಿದವು. ಭೂಮಿಯ ಹೊಟ್ಟೆಯಿಂದ ಚಿನ್ನ ತೆಗೆದುಕೊಂಡವರು ಹಿಂದಿರುಗಿಸಿ ಹೋದದ್ದು ಇದೊಂದೇ, ಹುಲ್ಲೂ ಸರಿಯಾಗಿ ಹುಟ್ಟದ ಬೂದಿ ಬಣ್ಣದ ಈ ಗುಡ್ಡ. ಏಳು ಸಮುದ್ರದ ಆಚೆ ಗಿಣಿಯೊಳಗೆ ಪ್ರಾಣ ಇಟ್ಟ ರಾಕ್ಷಸನ ಕತೆ ಅವಳಿಗೆ ನೆನಪಾಯಿತು. ಇಲ್ಲಿಯ ರಾಕ್ಷಸರಿಗೆ ಗಿಣಿ ಬೇಕಾಗಲಿಲ್ಲ. ಪ್ರಾಣವನ್ನು ಬೇರೆಯವರ ಮೈಯಿಂದಲೇ ತೆಗೆದುಕೊಂಡರು.

ನಾಗೇಶನ ಅಂಗಡಿ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿತ್ತು. ಒಳಗೆ ಫ್ಲೆಕ್ಸಿನ ಮೆಷೀನು ಹಿಂದೆ ಮುಂದೆ ಓಡುತ್ತ ಯಾರದೋ ಗೃಹಪ್ರವೇಶಕ್ಕೆ ಬಣ್ಣ ಉಗುಳುತ್ತಿತ್ತು. ನಾಗೇಶ್ ಐವತ್ತರ ಹತ್ತಿರದವನು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಬಂದವಳು ಗಿರಾಕಿ ಅಲ್ಲ ಎಂದು ನೋಡಿದ ಕೂಡಲೇ ತಿಳಿದುಕೊಂಡ.

ಶ್ಯಾಮಲಾ ಕೇಸಿನ ಮಾತೆತ್ತಲಿಲ್ಲ. ಚೀಲದಿಂದ ಕಾಂತರಾಜನ ಕಂಪನಿಯ ಪ್ಯಾಕೆಟ್ಟು ತೆಗೆದು ಟೇಬಲ್ಲಿನ ಮೇಲಿಟ್ಟಳು. ಚಿತ್ರ ಬಹಳ ಚೆನ್ನಾಗಿದೆ, ನೀವೇ ಬಿಡಿಸಿದ್ದಂತಲ್ಲ ಎಂದಳು. ನಾಗೇಶ್ ಹೌದೆಂದ. ಅಜ್ಜಿ ಯಾರು ಎಂದು ಕೇಳಿದ್ದಕ್ಕೆ, ಯಾರೂ ಅಲ್ಲ, ಮನಸ್ಸಿನಲ್ಲಿ ಬಂದ ಅಜ್ಜಿ ಎಂದ.

"ಈ ಸೊಂಟದಲ್ಲಿರೋದೇನು ನಾಗೇಶ್ ಅವರೇ?"

ಅವನು ಕನ್ನಡಕ ಇಳಿಸಿದ. ಪ್ಯಾಕೆಟ್ಟನ್ನು ಹತ್ತಿರ ತಂದ. ತಾನೇ ಬಿಡಿಸಿದ್ದೆನ್ನುವ ಚಿತ್ರವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಬಹುಶಃ ಅದೇ ಮೊದಲು.

"ಇದಾ. ಸುಣ್ಣದ ಡಬ್ಬಿ ಮೇಡಂ. ಹಳೇ ಕಾಲದ ಅಜ್ಜೀರು ಎಲೆ ಅಡಿಕೆಗೆ ಇಟ್ಕೋತಿದ್ರಲ್ಲ."

"ಸುಣ್ಣದ ಡಬ್ಬಿಗೆ ಎರಡು ತೂತು ಯಾಕೆ?"

ಮೆಷೀನು ಒಂದು ಸಲ ಹೋಗಿ ಬಂತು.

"ತೂತಿದ್ದರೆ ಸುಣ್ಣ ಒಣಗಿಹೋಗುತ್ತಲ್ಲ," ಎಂದಳು ಶ್ಯಾಮಲಾ, ಅಡುಗೆಮನೆಯ ಮಾತಿನಂತೆ ಮೆಲ್ಲಗೆ. "ಸೋಮವಾರ ಜಡ್ಜ್ ಮುಂದೆ ಇದನ್ನೇ ಕೇಳಿಸ್ತೀನಿ. ನೀವು ಡಬ್ಬಿ ಅಂತೀರಿ. ಆಮೇಲೆ ನಾನು ಒಬ್ಬ ಅಜ್ಜಿಯನ್ನ ಕರ್ಕೊಂಡು ಬರ್ತೀನಿ. ಅವಳ ಸೊಂಟದಲ್ಲಿ ಅದು ಇದೆ. ಅದು ಡಬ್ಬಿ ಅಲ್ಲ. ಕೋರ್ಟಲ್ಲಿ ಸುಳ್ಳು ಪ್ರಮಾಣ ಮಾಡಿದ್ದು ಕಾಂತರಾಜ್ ಅಲ್ಲ, ನೀವು ಅಂತಾಗುತ್ತೆ."

ನಾಗೇಶ್ ಎದ್ದು ಮೆಷೀನು ನಿಲ್ಲಿಸಿದ. ಅಂಗಡಿ ಇದ್ದಕ್ಕಿದ್ದಂತೆ ಕಿವುಡಾದ ಹಾಗಾಯಿತು. ಮತ್ತೆ ಬಂದು ಕೂತವನ ಮಾತಿನಲ್ಲಿ ಹೆದರಿಕೆಗಿಂತ ಕಹಿಯೇ ಹೆಚ್ಚಾಗಿತ್ತು.

"ಈ ಊರಲ್ಲಿ ಯಾವನು ಏನು ಬಿಡಿಸ್ತಾನೆ ಹೇಳಿ ಮೇಡಂ. ಮದುವೆ ಕಾರ್ಡಿನ ಗಣೇಶ ನಂದಲ್ಲ. ಲೀಡರ್ ಫ್ಲೆಕ್ಸಲ್ಲಿ ಕೈ ಮುಗಿಯೋ ಕೈ ನಂದಲ್ಲ. ಸತ್ತೋರ ಪಕ್ಕ ಇಡೋ ದೀಪನೂ ಎಲ್ಲಿಂದಲೋ ತಂದಿದ್ದೇ. ಎಲ್ಲರಿಗೂ ಅರ್ಧ ಗಂಟೇಲಿ ಬೇಕು. ಯಾರಾದ್ರೂ ಒಬ್ರು, ಇದು ಯಾರು ಬಿಡಿಸಿದ್ದು ನಾಗೇಶಣ್ಣ, ಅಂತ ಕೇಳಿದ್ದಾರಾ? ನೀವೇ ಮೊದಲು. ಅದೂ ನನ್ನ ಜೈಲಿಗೆ ಹಾಕೋಕೆ."

ಅವನ ಮಾತು ಸುಳ್ಳಾಗಿರಲಿಲ್ಲ. ಅದೇ ಶ್ಯಾಮಲಾಗೆ ಹೆಚ್ಚು ಚುಚ್ಚಿತು.

ಕಾಂತರಾಜನ ಪ್ಯಾಕೆಟ್ಟು, ಡಬ್ಬ, ಕ್ಯಾಲೆಂಡರು ಎಲ್ಲ ಅವನ ಅಂಗಡಿಯಲ್ಲೇ ಆಗುವುದು. ಆ ಕೆಲಸ ನಿಂತರೆ ಈ ಮೆಷೀನು ತುಕ್ಕು ಹಿಡಿಯುತ್ತದೆ. ನಾನೇ ಬಿಡಿಸಿದ್ದು ಎಂದು ಸಹಿ ಮಾಡು ಎಂದಾಗ ಮಾಡಿದ್ದ. ಇಷ್ಟನ್ನು ಅವನು ಬಿಡಿಸಿ ಹೇಳಬೇಕಾಗಲಿಲ್ಲ, ಅವನ ಕೈ ಮೆಷೀನಿನ ಬೆನ್ನನ್ನು ಎಮ್ಮೆಯ ಬೆನ್ನಿನಂತೆ ಸವರುತ್ತಿದ್ದುದೇ ಹೇಳಿತು.

ಶ್ಯಾಮಲಾ ದನಿ ಇಳಿಸಿದಳು. ಸೈಟಿನಿಂದ ಇಳಿಸಿದೆ ಎಂದು ಒಪ್ಪಿಕೊಂಡರೆ ಅದರಲ್ಲಿ ತಪ್ಪೇನಿಲ್ಲ ಎಂದಳು. ಚಿತ್ರ ಸೈಟಿನಲ್ಲಿದ್ದಾಗ, ಅಲ್ಲಿಯ ನಿಯಮದಂತೆ ಯಾರು ಇಳಿಸಿಕೊಂಡರೋ ಅವರ ಹಕ್ಕು ಆಮೇಲೆ ಚಿತ್ರ ತೆಗೆದರೂ ಹೋಗುವುದಿಲ್ಲ. ನಾಗೇಶನದೂ ಹೋಗುವುದಿಲ್ಲ, ಕಾಮಸಮುದ್ರದ ಹೆಂಗಸರದೂ ಹೋಗುವುದಿಲ್ಲ. ಹೋಗುವುದು ಕಾಂತರಾಜನ ಬೇಲಿ ಮಾತ್ರ. ಆದರೆ ಚಿತ್ರ ಅಲ್ಲಿತ್ತು ಎನ್ನುವುದಕ್ಕೆ ಒಬ್ಬನಾದರೂ ಬಾಯಿ ಬಿಡಬೇಕು.

"ಅದನ್ನ ಸೈಟಿಂದ ತೆಗೆಸಿದವರು ನೀವಾ?"

"ನಾನಲ್ಲ. ಬೇರೆಯವರು ಇಟ್ಟಿದ್ದನ್ನ ನಾನೆಂಗೆ ತೆಗೀಲಿ? ಬಿಡಿಸಿದವನೇ ತೆಗೆದ. ಕಾಂತರಾಜ್ ಸರ್ ಅವನ ಹತ್ರ ಫೋನಲ್ಲಿ ಮಾತಾಡಿದ್ರು. ಇಲ್ಲೇ, ಈ ಕುರ್ಚೀಲಿ ಕೂತು."

"ಯಾವಾಗ?"

"ಯುಗಾದಿ ಆದ್ಮೇಲೆ. ಕೇಸ್ ಹಾಕೋ ಮುಂಚೆ."

ಬಿಡಿಸಿದವನ ಹೆಸರೇನು ಎಂದು ಕೇಳಿದಳು. ನಿಜ ಹೆಸರು ಗೊತ್ತಿಲ್ಲ, ಸೈಟಿನಲ್ಲಿ ಅವನು ಇಟ್ಟುಕೊಂಡದ್ದು 'ಲಾಸ್ಟ್ ಸ್ಟೇಷನ್' ಎಂದು, ಅವನ ಗೆರೆ ಚೆಂದ ಎಂದು ತಾನು ಬೇರೆ ಚಿತ್ರಗಳನ್ನೂ ಇಳಿಸಿಕೊಂಡಿದ್ದೇನೆ ಎಂದ ನಾಗೇಶ್.

ಲಾಸ್ಟ್ ಸ್ಟೇಷನ್. ಕೊನೆಯ ನಿಲ್ದಾಣ.

ಈ ಹಳಿಯ ಕೊನೆಯ ನಿಲ್ದಾಣ ಯಾವುದೆಂದು ಬಂಗಾರಪೇಟೆಯ ಮಕ್ಕಳಿಗೂ ಗೊತ್ತು. ಮಾರಿಕುಪ್ಪಂ ಆದ ಮೇಲೆ ರೈಲು ಮುಂದೆ ಹೋಗುವುದಿಲ್ಲ. ಅಲ್ಲಿಂದಾಚೆ ದಾರಿ ಇದ್ದದ್ದು ಕೆಳಕ್ಕೆ.

ಪೆದ್ದಮ್ಮನ ಕಣ್ಣು ಗೋಡೆಯ ಕಲೆಯನ್ನು ನೋಡಿರಲಿಲ್ಲ. ಮೊಮ್ಮಗನ ಕೈಯನ್ನೇ ನೋಡಿತ್ತು.

"ನಾಗೇಶ್ ಅವರೇ, ಈ ಚಿತ್ರ ಬಿಡಿಸಿದವನು ಮಾರಿಕುಪ್ಪಂ ಪೆದ್ದಮ್ಮನ ಮೊಮ್ಮಗ. ರಾಜ್‌ಕುಮಾರ್. ಅವನು ತೀರಿಕೊಂಡು ಎರಡು ವರ್ಷ ಆಯ್ತು."

ನಾಗೇಶ್ ಪ್ಯಾಕೆಟ್ಟನ್ನು ಟೇಬಲ್ಲಿನ ಮೇಲಿಟ್ಟ. ಇಡುವಾಗ ಅಜ್ಜಿಯ ಮುಖ ಕೆಳಗಾಯಿತು, ಅದನ್ನು ಮತ್ತೆ ಮೇಲೆ ಮಾಡಿದ.

"ಷಾಫ್ಟಿಗೆ ಬಿದ್ದ ಹುಡುಗನಾ?"

"ಹೌದು."

"ಅವನ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದ್ದು ನಾನೇ." ಅವನು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟ. "ಫೋಟೋದ ಎರಡು ಕಡೆ ಎರಡು ದೀಪ ಇಟ್ಟಿದ್ದೆ. ಆ ದೀಪ ಈ ಲಾಸ್ಟ್ ಸ್ಟೇಷನ್ನಿಂದಲೇ ಇಳಿಸಿದ್ದು."

ಅಂದರೆ ರಾಜ್‌ಕುಮಾರ್ ತನ್ನ ಸಾವಿನ ದೀಪವನ್ನು ತಾನೇ ಬಿಡಿಸಿಟ್ಟು ಹೋಗಿದ್ದ. ಅದಕ್ಕೂ ಯಾರೂ ಅವನ ಹೆಸರು ಹಾಕಿರಲಿಲ್ಲ.

"ಮೇಡಂ," ಎಂದ ನಾಗೇಶ್, ಬಾಗಿಲವರೆಗೂ ಬಂದು. "ಅವನು ಸತ್ತಿದ್ರೆ ಸರ್ ಹತ್ರ ಮಾತಾಡಿದ್ದು ಯಾರು?"

*

ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ಶ್ಯಾಮಲಾ ಮೊಬೈಲಿನಲ್ಲಿ ಸೈಟು ತೆರೆದಳು. ಇಷ್ಟು ದಿನ ಅವಳು ಚಿತ್ರವನ್ನು ಹುಡುಕುತ್ತಿದ್ದಳು. ಈಗ ಹೆಸರನ್ನು ಹುಡುಕಿದಳು.

ಲಾಸ್ಟ್ ಸ್ಟೇಷನ್ ಸಿಕ್ಕಿತು. ಹಳೆಯದು ಯಾವುದೂ ಇರಲಿಲ್ಲ. ಬೀಸುಕಲ್ಲಿನ ಅಜ್ಜಿ ಇಲ್ಲ, ದೀಪಗಳಿಲ್ಲ, ಎಲ್ಲ ಗುಡಿಸಿ ಹಾಕಿದ ಹಾಗಿತ್ತು. ಉಳಿದದ್ದು ಒಂದೇ ಚಿತ್ರ. ಕಳೆದ ಶುಕ್ರವಾರ ಹಾಕಿದ್ದು.

ಅದೇ ಅಜ್ಜಿ. ಈ ಸಲ ಬೀಸುಕಲ್ಲಿಲ್ಲ. ಬಾಗಿಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ದಾರಿಯನ್ನು ನೋಡುತ್ತಿದ್ದಾಳೆ.

ಚಿತ್ರದ ಕೆಳಗೆ ಬಳಕೆಯ ನಿಯಮ. ಮೊದಲೆಲ್ಲ ಈ ಖಾತೆಯವನು ಹೆಸರು ಹಾಕಲೇಬೇಕು ಎನ್ನುತ್ತಿದ್ದ. ಸಹನ ಒಪ್ಪಿಕೊಂಡದ್ದೂ ಅದನ್ನೇ. ಈಗ ಆಯ್ಕೆ ಮಾಡಿದ್ದು ಬೇರೆ. ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಿ. ಬಿಡಿಸಿದವನ ಹೆಸರು ಹಾಕುವುದು ಬೇಡ.

ಬೆಂಗಳೂರಿನ ಆ ಕಚೇರಿಯ ಹತ್ತು ವರ್ಷದಲ್ಲಿ ಅವಳು ಹೆಸರಿಗಾಗಿ ಗುದ್ದಾಡಿದವರನ್ನೇ ಕಂಡಿದ್ದಳು. ಹೆಸರು ಬೇಡ ಎಂದು ಇಷ್ಟು ಸ್ಪಷ್ಟವಾಗಿ ಕೇಳಿಕೊಂಡವನನ್ನು ಕಂಡದ್ದು ಕಡಿಮೆ.

ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ಅಜ್ಜಿಯ ಸೊಂಟ. ಕರಿ ದಾರ. ಎರಡು ತೂತಿನ ಬಿಲ್ಲೆ. ಬಿಲ್ಲೆಯ ಮೇಲೆ ಏನೋ ಬರೆದಿತ್ತು. ಇನ್ನೂ ದೊಡ್ಡದು ಮಾಡಿದಳು.

4172.

ಮಾರಿಕುಪ್ಪಂಗೆ ಹೊರಡುವ ರೈಲು ಕೂಗಿತು. ಅವಳು ಓಡಿ ಹತ್ತಿದಳು.

*

ಪೆದ್ದಮ್ಮ ಬಾಗಿಲಲ್ಲೇ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಇಳಿಬಿಸಿಲು ಅವಳ ಪಾದದ ಹತ್ತಿರ ಬಂದು ನಿಂತಿತ್ತು. ಇಷ್ಟು ಬೇಗ ಮತ್ತೆ ಬಂದವಳನ್ನು ಕಂಡು, ಏನಾದರೂ ಮರೆತು ಹೋದೆಯಾ ತಾಯಿ ಎಂದಳು. ಶ್ಯಾಮಲಾ ಅವಳ ಪಕ್ಕದಲ್ಲಿ ಕೂತು, ಮೊಬೈಲನ್ನು ಅವಳ ಕಣ್ಣಿನ ಮುಂದೆ ಹಿಡಿದಳು.

ಮುದುಕಿ ಮೊದಲು ನಕ್ಕಳು, ಅಯ್ಯೋ ನಾನೇ, ಎಂದು. ಆಮೇಲೆ ನಗು ನಿಂತಿತು. ಮೊರ ಜಾರಿ ರಾಗಿ ಹೊಸ್ತಿಲ ತುಂಬ ಚೆಲ್ಲಿತು. ಅವಳು ಅದನ್ನು ನೋಡಲಿಲ್ಲ.

"ಇದೇನ್ ಬರ್ದವ್ರೆ, ಇಲ್ಲಿ?"

ಶ್ಯಾಮಲಾ ನಂಬರು ಓದಿ ಹೇಳಿದಳು. ಪೆದ್ದಮ್ಮನಿಗೆ ಓದು ಬರುವುದಿಲ್ಲ. ಅವಳು ಹೆಬ್ಬೆರಳನ್ನು ಟೋಕನ್ನಿನ ಹಿಂದೆ, ಮೈಗೆ ಒತ್ತಿದ ಕಡೆ ತೂರಿಸಿ, ಕುರುಡಿಯ ಹಾಗೆ ಮೆಲ್ಲಗೆ ಸವರಿದಳು. ನಾಲ್ಕು ಅಂಕಿ, ನಾಲ್ಕು ತಗ್ಗು. ಬೆರಳಿಗೆ ಬಾಯಿಪಾಠವಾದದ್ದನ್ನು ಮತ್ತೊಮ್ಮೆ ಹೇಳಿಸಿದಂತಿತ್ತು.

ಆಮೇಲೆ ಅವಳು ದಾರದ ಗಂಟು ಬಿಚ್ಚತೊಡಗಿದಳು. ಬಿಗಿದ ಗಂಟು ಬೇಗ ಬಿಚ್ಚಲಿಲ್ಲ. ಶ್ಯಾಮಲಾ ಸಹಾಯಕ್ಕೆ ಕೈ ಚಾಚಿದಳು, ಮುದುಕಿ ಬೇಡವೆಂದು ಆ ಕೈಯನ್ನು ಸರಿಸಿದಳು. ಬಿಲ್ಲೆ ಸಡಿಲವಾಗಿ 'ವೆಂಕಟೇಶಪ್ಪನ ಮುಖ' ಎಂದು ಅವಳು ಕರೆಯುತ್ತಿದ್ದ ಬದಿ ಬೆಳಕಿಗೆ ಬಂತು. ಬೆವರು ತಿಂದು ಹಸಿರುಗಟ್ಟಿದ ಹಿತ್ತಾಳೆ. ಅದರ ನಡುವೆ 4172.

ಈ ನಂಬರನ್ನು ಹೊರಗಿನವರು ಯಾರೂ ನೋಡಿರಲಿಲ್ಲ. ಆ ತೂತು ಹೊಡೆದ ದಿನದಿಂದ ಅದು ಅವಳ ಮೈಯನ್ನು ಮಾತ್ರ ನೋಡಿಕೊಂಡಿತ್ತು. ತಾತನ ನಂಬರು ತೋರ್ಸು ಅಜ್ಜಿ ಎಂದು ಮಡಿಲಲ್ಲಿ ಮಲಗಿ, ಬಿಲ್ಲೆ ಎತ್ತಿ ನೋಡುತ್ತಿದ್ದವು ಎರಡೇ ಮಕ್ಕಳು. ಒಂದಕ್ಕೆ ಗೆರೆ ಎಳೆಯಲು ಬರುವುದಿಲ್ಲ. ಇನ್ನೊಂದು ಷಾಫ್ಟಿನ ನೀರಿನಲ್ಲಿದೆ.

"ತಿರುಗ್ಸವ್ನೆ," ಎಂದಳು ಪೆದ್ದಮ್ಮ. ದನಿ ಎತ್ತರವಿರಲಿಲ್ಲ. "ನನ್ ಕೂಸು ನಂಬರ್ ಈಚೆಗೆ ತಿರುಗ್ಸವ್ನೆ. ಮೇಲಕ್ ಬಂದವ್ನೆ ಕಣಮ್ಮ."

ಎರಡು ವರ್ಷ ದೀಪ ಹಚ್ಚಿದವಳ ಕಣ್ಣಲ್ಲಿ ನೀರು ಬರಲಿಲ್ಲ. ಬಂದದ್ದು ಬೇರೆಯೇ. ಮೊಮ್ಮಗ ಬದುಕಿದ್ದಾನೆ ಎಂಬ ಸಂತೋಷ ಬಂದ ಬಾಗಿಲಿನಲ್ಲೇ, ಹಾಗಾದರೆ ಎರಡು ವರ್ಷ ನನ್ನ ಕೈಯಲ್ಲಿ ತಿಥಿ ಮಾಡಿಸಿದರಲ್ಲ ಎಂಬ ಪ್ರಶ್ನೆಯೂ ಬಂದು ನಿಂತಿತ್ತು. ಅವೆರಡಕ್ಕೂ ಆ ಪುಟ್ಟ ಮುಖದಲ್ಲಿ ಜಾಗ ಸಾಲದೆ, ಗೆರೆಗಳು ಎತ್ತ ಓಡಬೇಕೋ ತಿಳಿಯದೆ ನಿಂತಲ್ಲೇ ನಿಂತವು.

ಶ್ಯಾಮಲಾ ಲೆಕ್ಕ ಹಾಕುತ್ತಿದ್ದಳು. ರಾಜ್‌ಕುಮಾರ್ ಬದುಕಿದ್ದರೆ ಸೋಮವಾರ ಬೇರೆ ಸಾಕ್ಷಿಯೇ ಬೇಡ. ಬಿಡಿಸಿದವನು ಬಂದು ಇದು ನನ್ನದು ಎಂದರೆ ಸಾಕು, ಮುನಿಶಾಮಮ್ಮನ ಒಲೆ ಉರಿಯುತ್ತದೆ, ಸಹನಳ ಅಂಗಡಿ ಉಳಿಯುತ್ತದೆ. ಅವನು ಮಾಡಬೇಕಾದದ್ದು ಇಷ್ಟೇ, ತನ್ನ ಹೆಸರು ಹೇಳುವುದು. ಅವನು ಬೇಡವೆಂದದ್ದೂ ಅದೊಂದನ್ನೇ.

ಪೆದ್ದಮ್ಮ ದಾರವನ್ನು ಮತ್ತೆ ಸೊಂಟಕ್ಕೆ ಸುತ್ತಿದಳು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಸೆರಗಿನಿಂದ ಒರೆಸಿದಳು. ಆಮೇಲೆ, ಗಂಡ ಸತ್ತಂದಿನಿಂದ ಮಾಡದಿದ್ದ ಕೆಲಸವನ್ನು ಮಾಡಲು ಹೊರಟಳು. ನಂಬರಿನ ಮುಖವನ್ನು ಹೊರಗಿಟ್ಟು, ಮೊದಲನೆಯ ತೂತಿಗೆ ದಾರ ಪೋಣಿಸಿದಳು.

"ತಿರುಗ್ಸಿ ಕಟ್ಬೇಡ ಅಜ್ಜಿ."

ಸಹನ ಒಳಬಾಗಿಲಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಏನಾಯಿತು ಎಂದು ಕೇಳಲಿಲ್ಲ. ಶ್ಯಾಮಲಾಳ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಮೊಬೈಲಿನ ಕಡೆಗೆ ಕಣ್ಣನ್ನೂ ಹಾಯಿಸಲಿಲ್ಲ. ಅವಳ ಹಿಂದೆ ಗೋಡೆಯ ಮೇಲೆ, ಬೊಟ್ಟಿಲ್ಲದ ಗಾಜಿನೊಳಗೆ ರಾಜ್‌ಕುಮಾರ್ ನಗುತ್ತಿದ್ದ.

ಚೆಲ್ಲಿದ ರಾಗಿಯನ್ನು ತುಳಿದುಕೊಂಡೇ ಬಂದು, ಅವಳು ಬೀದಿಯ ಕಡೆಯ ಬಾಗಿಲು ಎಳೆದು ಅಗುಳಿ ಹಾಕಿದಳು. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೋಕನ್ನನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು, ನಂಬರನ್ನು ಮತ್ತೆ ಒಳಕ್ಕೆ ತಿರುಗಿಸಿದಳು.

"ಕಾಂತರಾಜನ ಕಡೆಯವ್ರು ಲೈನಿಗೆ ಬಂದು ಓಗ್ತಾ ಅವ್ರೆ," ಎಂದಳು. "ಅವ್ರ ಕಣ್ಣಿಗೆ ಇದು ಬಿದ್ದು ಅಣ್ಣ ಬದುಕವ್ನೆ ಅಂತ ತಿಳುದ್ರೆ, ಈ ಸಲ ಬರೀ ಚಪ್ಲಿ ಸಿಗಾಕಿಲ್ಲ."